ಮೇಲಿನ ವರ್ಗದ ವ್ಯಾಮೋಹ

ಹನ್ನೊಂದು ವರ್ಷದ ಬಾಲೆಯೊಬ್ಬಳು ತನ್ನ ಓರಗೆಯವರೊಡನೆ ಸಾಫ್ಟ್‌ಬಾಲ್ ಆಡುವಾಗ ಚೆಂಡನ್ನು ಅವರೆಲ್ಲರಿಗಿಂತ ದೂರಕ್ಕೆ ಹೊಡೆದಳೆಂದರೆ, ಅಥವಾ ಅವಳೆಸೆದ ಚೆಂಡನ್ನು ಎದುರು ತಂಡದ ಹುಡುಗಿಯರು ಬ್ಯಾಟಿನಿಂದ ಮುಟ್ಟಲಾರದೆ ಹೋದರೆಂದರೆ, ಅಮೆರಿಕದ ಯಾವ ಊರಿನಲ್ಲೇ ಆಗಲಿ ಆ ಮೈದಾನದ ಬೇಲಿಯಾಚೆ ಕುಳಿತ ಹಿರಿಯರ ನಡುವೆ ಒಂದು ಮಾತು ಹುಟ್ಟದೆ ಇರುವುದಿಲ್ಲ: ಇವಳು ಇಲ್ಲಿರತಕ್ಕವಳಲ್ಲ, ಮೇಲಿನ ವರ್ಗಕ್ಕೆ ಹೋಗಬೇಕಾದವಳು. ಆಡಿದವರು ಅದನ್ನು ಹೊಗಳಿಕೆಯೆಂದೇ ಆಡಿರುತ್ತಾರೆ, ತಂದೆತಾಯಿಗಳು ಹೊಗಳಿಕೆಯೆಂದೇ ಕೇಳಿರುತ್ತಾರೆ. ಬೇಸಗೆಯ ಕೊನೆಯಲ್ಲಿ ಮುಂದಿನ ವರ್ಷದ ತಂಡಗಳ ಆಯ್ಕೆ ನಡೆಯುವ ಹೊತ್ತಿಗೆ ಹೊಗಳಿಕೆ ಬಲಿತು ನಿರ್ಧಾರವಾಗಿರುತ್ತದೆ. ಕಿರಿಯಳೊಬ್ಬಳನ್ನು ಅವಳ ವಯಸ್ಸಿನ ವರ್ಗದಿಂದ ಎತ್ತಿ ಹಿರಿಯರ ವರ್ಗದಲ್ಲಿ ಆಡಿಸುವ ಈ ಪದ್ಧತಿಗೆ ಅಲ್ಲಿ ‘ಪ್ಲೇಯಿಂಗ್ ಅಪ್’ ಎಂದು ಹೆಸರು. ಪ್ರತಿಭೆಯುಳ್ಳ ಮಗುವಿಗೆ ಇದೇ ಸಹಜವಾದ ಮಾರ್ಗವೆಂಬುದೂ, ಇದನ್ನು ಒಲ್ಲೆನೆನ್ನುವ ತಂದೆತಾಯಿಗಳು ಮಗುವಿನ ಏಳಿಗೆಗೆ ತಾವೇ ಅಡ್ಡಿಯಾಗುತ್ತಾರೆಂಬುದೂ ಇಂದು ಬಹುಮಟ್ಟಿಗೆ ಪ್ರಶ್ನಾತೀತವಾದ ನಂಬಿಕೆಗಳಾಗಿವೆ. ಈ ನಂಬಿಕೆ ತಪ್ಪೆಂದೂ, ಇದಕ್ಕೆ ಆಧಾರವಾಗಿ ಹೇಳುವ ಯುಕ್ತಿಗಳಲ್ಲಿ ಬಹುಪಾಲು ಹಿರಿಯರ ಆಸೆಯಿಂದ ಹುಟ್ಟಿದವೇ ಹೊರತು ಮಗುವಿನ ಆಟವನ್ನು ನೆಟ್ಟಗೆ ನೋಡಿ ಕಂಡುಕೊಂಡವಲ್ಲವೆಂದೂ ನಾನು ವಾದಿಸುತ್ತೇನೆ.

ಅನ್ಯದೇಶದ ಆಟವೊಂದರ ವಿಷಯವನ್ನು ಕನ್ನಡದಲ್ಲಿ ಇಷ್ಟು ವಿಸ್ತಾರವಾಗಿ ಚರ್ಚಿಸುವ ಅಗತ್ಯವೇನೆಂದು ಕೇಳುವವರಿರಬಹುದು. ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಗಳಲ್ಲಿ ನೆಲೆಸಿದ ನಮ್ಮವರ ಹೆಣ್ಣುಮಕ್ಕಳು ಅಲ್ಲಿಯ ಶಾಲೆಗಳಲ್ಲಿ ಓದಿ, ಅಲ್ಲಿಯ ಮೈದಾನಗಳಲ್ಲಿ ಅಲ್ಲಿಯ ಆಟಗಳನ್ನೇ ಆಡಿ ಬೆಳೆಯುತ್ತಿದ್ದಾರೆ. ಅವರ ತಂದೆತಾಯಿಗಳು ಕ್ರಿಕೆಟ್ಟನ್ನೋ ಖೋ ಖೋ ಆಟವನ್ನೋ ಆಡಿದವರು. ಸಾಫ್ಟ್‌ಬಾಲನ್ನು ಆಡಿ ಬಲ್ಲವರಲ್ಲ. ಆದುದರಿಂದ ಕೋಚ್ ಹೇಳಿದ್ದೇ ಪ್ರಮಾಣವೆಂದು ಅವರು ನಂಬುವುದು ಸ್ವಾಭಾವಿಕ. ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ತರಗತಿಯಲ್ಲಿ ಮೊದಲನೆಯ ಸ್ಥಾನ ಪಡೆ, ಸಾಧ್ಯವಾದರೆ ಒಂದು ತರಗತಿಯನ್ನೇ ದಾಟಿ ಮುಂದಿನದಕ್ಕೆ ಹೋಗು ಎಂಬ ಉಪದೇಶವನ್ನು ಬಾಲ್ಯದಿಂದ ಕೇಳಿ, ಅದರಂತೆ ನಡೆದು, ಅದರ ಫಲವಾಗಿಯೇ ಸಮುದ್ರ ದಾಟಿದ ಜನ ನಮ್ಮವರು. ‘ನಿಮ್ಮ ಮಗಳು ಮೇಲಿನ ವರ್ಗಕ್ಕೆ ಅರ್ಹಳು’ ಎಂಬ ಒಂದು ವಾಕ್ಯ ಕಿವಿಗೆ ಬಿದ್ದೊಡನೆ ಅವರಲ್ಲಿ ಹಿಗ್ಗು ಮೂಡುವಷ್ಟು ಶೀಘ್ರವಾಗಿ ವಿವೇಚನೆ ಮೂಡುವುದಿಲ್ಲ.

1887ರಲ್ಲಿ ಶಿಕಾಗೋ ನಗರದ ದೋಣಿವಿಹಾರದ ಕ್ಲಬ್ಬೊಂದರ ಒಳಾಂಗಣದಲ್ಲಿ ಚಳಿಗಾಲದ ವಿನೋದವಾಗಿ ಹುಟ್ಟಿದ ಈ ಆಟ ಇಂದು ಹುಡುಗಿಯರಿಗಾಗಿ 8, 10, 12, 14, 16, 18 ವರ್ಷಗಳೊಳಗಿನವರೆಂದು ಎರಡೆರಡು ವರ್ಷಗಳ ಸೋಪಾನವಾಗಿ ವಿಂಗಡಗೊಂಡಿದೆ. ಈ ವಿಂಗಡಣೆ ನಾಮಮಾತ್ರದ್ದಲ್ಲ. ಹತ್ತರೊಳಗಿನವರು 11 ಅಂಗುಲ ಸುತ್ತಳತೆಯ ಚೆಂಡಿನಿಂದ ಆಡುತ್ತಾರೆ. ಚೆಂಡೆಸೆಯುವವಳು, ಎಂದರೆ ಪಿಚರ್, ನಿಲ್ಲುವ ಪಟ್ಟಿಯಿಂದ ಬ್ಯಾಟು ಹಿಡಿದವಳ ಮುಂದಿನ ಹೋಮ್ ಪ್ಲೇಟಿಗೆ 35 ಅಡಿ. ಹನ್ನೆರಡರೊಳಗಿನವರಿಗೆ ಚೆಂಡಿನ ಸುತ್ತಳತೆ 12 ಅಂಗುಲ, ದೂರ 40 ಅಡಿ. ಹದಿನಾಲ್ಕರ ವರ್ಗದಿಂದ ಮೇಲಕ್ಕೆ ಚೆಂಡು ಅದೇ, ದೂರ 43 ಅಡಿ. ಕಾಲೇಜಿನ ಯುವತಿಯರೂ ಒಲಿಂಪಿಕ್ ಕ್ರೀಡೆಗಳ ಮಹಿಳೆಯರೂ ಆಡುವುದು ಈ 43 ಅಡಿಯಲ್ಲಿಯೇ. ಹತ್ತು ವರ್ಷದ ಕೈ 12 ಅಂಗುಲದ ಚೆಂಡನ್ನು ಹಿಡಿದಾಗ ಬೆರಳುಗಳ ತುದಿ ಹೊಲಿಗೆಯ ಮೇಲೆ ಕೂರಬೇಕಾದ ಎಡೆಯಲ್ಲಿ ಕೂರುವುದಿಲ್ಲ, ಚೆಂಡು ಜಾರಿ ಅಂಗೈಗೆ ಇಳಿಯುತ್ತದೆ. ಬೆರಳಿನಿಂದ ಉರುಳಿಸಿ ಬಿಡಬೇಕಾದುದನ್ನು ಅಂಗೈಯಿಂದ ನೂಕುವುದನ್ನೂ, ಹೆಚ್ಚಿನ ಐದಡಿಯನ್ನು ಮುಟ್ಟಿಸುವುದಕ್ಕಾಗಿ ಮುಂಡವನ್ನು ಮುಂದಕ್ಕೆ ಬಾಗಿಸುವುದನ್ನೂ ಆ ಮಗು ತಾನರಿಯದೆ ಅಭ್ಯಾಸ ಮಾಡಿಕೊಳ್ಳುತ್ತದೆ. ಬ್ಯಾಟು ಹಿಡಿದವಳ ಪಾಡೂ ಹಾಗೆಯೇ. ಗಂಟೆಗೆ 40 ಮೈಲಿ ವೇಗದ ಚೆಂಡು 35 ಅಡಿಯನ್ನು ದಾಟಲು ಸುಮಾರು 0.6 ಸೆಕೆಂಡು ತೆಗೆದುಕೊಳ್ಳುತ್ತದೆ. 60 ಮೈಲಿ ವೇಗದ ಚೆಂಡು 43 ಅಡಿಯನ್ನು ಅರ್ಧ ಸೆಕೆಂಡು ತುಂಬುವ ಮೊದಲೇ ಮುಗಿಸಿರುತ್ತದೆ. ಪಿಚರ್ ದೀರ್ಘವಾದ ಹೆಜ್ಜೆಯಿಟ್ಟು ಪಟ್ಟಿಯಿಂದ ಹಲವು ಅಡಿ ಮುಂದೆ ಬಂದು ಚೆಂಡನ್ನು ಬಿಡುವುದರಿಂದ ನಿಜವಾದ ಅವಧಿ ಇನ್ನೂ ಕಿರಿದು. ಅಷ್ಟರೊಳಗೆ ಕಣ್ಣು ಕಂಡು, ಮನಸ್ಸು ನಿಶ್ಚಯಿಸಿ, ಕೈ ತಿರುಗಬೇಕು. ವಯೋಮಿತಿಗಳನ್ನು ಗೊತ್ತುಮಾಡಿದವರು ಮಕ್ಕಳ ಪ್ರಗತಿಯನ್ನು ತಡೆಯುವುದಕ್ಕೆಂದು ಗೆರೆ ಎಳೆದವರಲ್ಲ. ಬೆಳೆಯುತ್ತಿರುವ ಕೈ, ಕಣ್ಣು, ಭುಜಗಳ ಅಳತೆಗೆ ಆಟವನ್ನು ತಗ್ಗಿಸಿ ಕೊಟ್ಟವರು.

ರೂಢಿಯ ಅಭಿಪ್ರಾಯದ ಮುಖ್ಯವಾದ ಯುಕ್ತಿ, ಬಲಿಷ್ಠರೊಡನೆ ಸೆಣಸಿದಲ್ಲದೆ ಬಲ ಬಾರದು ಎಂಬುದು. ಕೇಳುವುದಕ್ಕೆ ಇದು ಸ್ವತಃಸಿದ್ಧವೆಂಬಂತಿದೆ. ಆದರೆ ಸೆಣಸಬೇಕಾದರೆ ಮೊದಲು ಅಂಗಣದಲ್ಲಿರಬೇಕು. ವಾರಾಂತ್ಯದ ಪಂದ್ಯಾವಳಿಗಳಲ್ಲಿ ಪ್ರತಿಯೊಂದು ಆಟಕ್ಕೂ ಕಾಲದ ಮಿತಿಯಿರುತ್ತದೆ. ಆ ಮಿತಿಯೊಳಗೆ ಒಬ್ಬ ಆಟಗಾರ್ತಿಗೆ ಬ್ಯಾಟು ಹಿಡಿಯುವ ಸರದಿ ಎರಡು ಸಲವೋ ಮೂರು ಸಲವೋ ಬಂದರೆ ಹೆಚ್ಚು. ಮೇಲಿನ ವರ್ಗಕ್ಕೆ ಹೋದ ಕಿರಿಯಳು ಬ್ಯಾಟಿಂಗಿನ ಸಾಲಿನಲ್ಲಿ ಕೊನೆಯವಳಾಗಿ ನಿಲ್ಲುತ್ತಾಳೆ. ಅವಳ ಸರದಿ ಬರುವ ವೇಳೆಗೆ ಅನೇಕ ಬಾರಿ ಆಟ ಮುಗಿದಿರುತ್ತದೆ. ಕ್ಷೇತ್ರರಕ್ಷಣೆಯಲ್ಲಿ ಅವಳನ್ನು ನಿಲ್ಲಿಸುವುದು ಚೆಂಡು ಅಪರೂಪವಾಗಿ ಬರುವ ರೈಟ್ ಫೀಲ್ಡಿನಲ್ಲಿ. ಕೆಳಗಿನ ವರ್ಗದಲ್ಲಿ ಪಿಚರ್ ಆಗಿದ್ದವಳಿಗೆ ಇಲ್ಲಿ ಚೆಂಡು ಎಸೆಯುವ ಕೆಲಸ ತಂಡ ಎಂಟು ರನ್ನು ಹಿಂದೆಯೋ ಎಂಟು ರನ್ನು ಮುಂದೆಯೋ ಇರುವಾಗ, ಎಂದರೆ ಅವಳ ಎಸೆತದಿಂದ ಏನೂ ನಿರ್ಧಾರವಾಗದ ಹೊತ್ತಿನಲ್ಲಿ, ದೊರೆಯುತ್ತದೆ. ಉಳಿದ ಹೊತ್ತು ಬೆಂಚು. ಹಿರಿಯರ ಆಟವನ್ನು ಹತ್ತಿರದಿಂದ ನೋಡಿಯೂ ಕಲಿಯಬಹುದಲ್ಲ ಎಂದು ಸಮಾಧಾನ ಹೇಳುವವರುಂಟು. ನೋಡಿ ಕಲಿಯುವುದಕ್ಕೆ ಪ್ರೇಕ್ಷಕರ ಸಾಲಿನಲ್ಲಿ ಕುಳಿತರೆ ಸಾಲದೆ? ಅದಕ್ಕಾಗಿ ಮಗುವಿನ ಒಂದು ವರ್ಷದ ಆಟವನ್ನೇಕೆ ತೆರಬೇಕು?

ಅದೇ ಬಾಲೆ ತನ್ನ ವರ್ಗದಲ್ಲಿಯೇ ಉಳಿದರೆ ಅವಳ ಪಾಲಿಗೆ ಏನು ಬರುತ್ತದೆಂಬುದನ್ನು ಎಣಿಸಿ ನೋಡೋಣ. ಆಟದ ಕೊನೆಯ ಇನ್ನಿಂಗ್ಸು, ಇಬ್ಬರು ಔಟಾಗಿದ್ದಾರೆ, ಎದುರಾಳಿಯ ಓಟಗಾರ್ತಿ ಮೂರನೆಯ ಬೇಸಿನಲ್ಲಿ ನಿಂತಿದ್ದಾಳೆ, ಒಂದೇ ರನ್ನಿನ ಅಂತರ. ಚೆಂಡು ಇವಳ ಕೈಯಲ್ಲಿದೆ. ವೇಗವಾಗಿ ಎಸೆಯಬೇಕೆ, ನಿಧಾನದ ಚೆಂಡಿನಿಂದ ಬ್ಯಾಟುಗಾರ್ತಿಯನ್ನು ವಂಚಿಸಬೇಕೆ, ಕ್ಯಾಚರಿನ ಕೈ ತಪ್ಪಿದರೆ ಪ್ಲೇಟಿಗೆ ಓಡಿಬಂದು ಕಾಯಬೇಕಾದವರು ಯಾರು, ತನ್ನ ಹಿಂದೆ ನಿಂತಿರುವ ಶಾರ್ಟ್‌ಸ್ಟಾಪ್ ಹುಡುಗಿ ಹಿಂದಿನ ಇನ್ನಿಂಗ್ಸಿನಲ್ಲಿ ಚೆಂಡು ಬಿಟ್ಟು ಕಣ್ಣೀರಿಟ್ಟವಳು, ಅವಳಿಗೊಂದು ಧೈರ್ಯದ ಮಾತು ಹೇಳಬೇಕೆ ಎಂಬ ನಾಲ್ಕಾರು ಯೋಚನೆಗಳು ಒಮ್ಮೆಗೇ ಅವಳ ಮೇಲೆ ಬೀಳುತ್ತವೆ. ಆಟ ಕಲಿಸುವುದೆಲ್ಲ ಇಲ್ಲಿ. ಈ ಕ್ಷಣದಲ್ಲಿ ತಪ್ಪಿದರೆ ತಪ್ಪಿನ ಹೊಣೆ ಅವಳದು, ಮುಂದಿನ ವಾರ ಅದೇ ಸ್ಥಾನದಲ್ಲಿ ನಿಂತು ತಿದ್ದಿಕೊಳ್ಳುವ ಅವಕಾಶವೂ ಅವಳದು. ಸಂಗೀತದ ಗುರುಗಳು ಸರಳೆವರಸೆಯನ್ನು ಮೊದಲನೆಯ ಕಾಲದಲ್ಲಿ ಶುದ್ಧವಾಗಿ ಹಾಡಿದ ಶಿಷ್ಯೆಗೆ ಕೂಡಲೆ ವರ್ಣವನ್ನು ಹೇಳಿಕೊಡುವುದಿಲ್ಲ. ಅದೇ ಸರಳೆಯನ್ನು ಎರಡನೆಯ ಕಾಲದಲ್ಲಿ, ಮೂರನೆಯ ಕಾಲದಲ್ಲಿ, ಅಕಾರದಲ್ಲಿ ಹಾಡಿಸುತ್ತಾರೆ. ಹೊರಗಿನವರಿಗೆ ಮಗು ನಿಂತಲ್ಲಿಯೇ ನಿಂತಿದೆಯೆಂದು ತೋರುವ ಆ ಕಾಲದಲ್ಲಿಯೇ ಶ್ರುತಿಯೂ ಲಯವೂ ಅದರ ಮೈಗೂಡುತ್ತವೆ. ಓರಗೆಯವರನ್ನು ಸುಲಭವಾಗಿ ಗೆಲ್ಲಬಲ್ಲ ಹುಡುಗಿಗೂ ಮಾಡುವ ಕೆಲಸ ಬೇಕಾದಷ್ಟಿದೆ. ಬರಿಯ ವೇಗದಿಂದ ಗೆಲ್ಲುತ್ತಿದ್ದವಳು ನಿಧಾನದ ಎಸೆತವನ್ನೂ, ಕೆಳಕ್ಕೆ ಬೀಳುವ ಎಸೆತವನ್ನೂ ಸಾಧಿಸಬಹುದು. ಬಲಗೈಯಿಂದ ಬ್ಯಾಟು ಬೀಸುವವಳು ಎಡಗಡೆ ನಿಂತು ಚೆಂಡನ್ನು ತಟ್ಟಿ ಓಡುವ ವಿದ್ಯೆಯನ್ನು ಕಲಿಯಬಹುದು. ಸೋಲಿನ ಭಯವಿಲ್ಲದ ಕಡೆಯಲ್ಲಿ ಮಾತ್ರ ಮಕ್ಕಳು ಹೊಸದನ್ನು ಪ್ರಯತ್ನಿಸುತ್ತಾರೆ. ಹಿರಿಯರ ನಡುವೆ ತನ್ನ ಸ್ಥಾನವನ್ನು ಉಳಿಸಿಕೊಳ್ಳುವ ಆತಂಕದಲ್ಲಿರುವವಳು ತನಗೆ ಈಗಾಗಲೇ ಬರುವುದನ್ನೇ ಹಿಡಿದು ಕೂರುತ್ತಾಳೆ.

ಇನ್ನು ‘ಓರಗೆಯವರನ್ನು ಮೀರಿಸಿದ್ದಾಳೆ’ ಎಂಬ ತೀರ್ಮಾನಕ್ಕೆ ಆಧಾರವೇನೆಂಬುದನ್ನು ಪರೀಕ್ಷಿಸಬೇಕು. ಮಕ್ಕಳ ಬೆಳವಣಿಗೆಯನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಇಂಗ್ಲೆಂಡಿನ ವಿಜ್ಞಾನಿ ಜೆ. ಎಂ. ಟ್ಯಾನರ್ ಮೊದಲಾದವರು ಸ್ಥಾಪಿಸಿದ ಸಂಗತಿ ಇದು: ಹುಡುಗಿಯರು ಅತ್ಯಂತ ವೇಗವಾಗಿ ಎತ್ತರ ಬೆಳೆಯುವ ಕಾಲ ಸರಾಸರಿಯಲ್ಲಿ ಹನ್ನೆರಡನೆಯ ವರ್ಷದ ಸುಮಾರು, ಹುಡುಗರಿಗೆ ಹದಿನಾಲ್ಕರ ಸುಮಾರು, ಆದರೆ ಒಬ್ಬೊಬ್ಬರಲ್ಲಿ ಇದು ಒಂದೆರಡು ವರ್ಷ ಮೊದಲೂ ಬರಬಹುದು, ಒಂದೆರಡು ವರ್ಷ ತಡವಾಗಿಯೂ ಬರಬಹುದು. ಎಂದಮೇಲೆ ಹನ್ನೊಂದು ಹನ್ನೆರಡು ವರ್ಷದ ಹುಡುಗಿಯರ ಒಂದೇ ತಂಡದಲ್ಲಿ ಹದಿನಾಲ್ಕರ ಮೈಕಟ್ಟಿನವಳೂ ಹತ್ತರ ಮೈಕಟ್ಟಿನವಳೂ ಪಕ್ಕಪಕ್ಕದಲ್ಲಿ ನಿಂತಿರುತ್ತಾರೆ. ಆ ವರ್ಷ ಮೊದಲಿನವಳು ಪ್ರತಿಭಾವಂತೆಯೆನಿಸುತ್ತಾಳೆ. ಮೂರು ವರ್ಷ ಕಳೆದು ಎಲ್ಲರೂ ಬೆಳೆದು ನಿಂತಮೇಲೆ ಉಳಿಯುವುದು ಬೆಳವಣಿಗೆಯಿಂದ ಬಂದ ಮೇಲುಗೈಯಲ್ಲ, ಅಷ್ಟರಲ್ಲಿ ಕಲಿತ ವಿದ್ಯೆ. 1985ರಲ್ಲಿ ಕೆನಡದ ರಾಜರ್ ಬಾರ್ನ್ಸ್‌ಲಿ ಮತ್ತು ಅವರ ಸಂಗಡಿಗರು ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿ, ಮೇಲ್ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಅಸಹಜವಾಗಿ ಹೆಚ್ಚೆಂದು ತೋರಿಸಿದರು. ವಯೋಮಿತಿಯ ಗೆರೆ ಜನವರಿ ಒಂದರಂದು ಇದ್ದುದರಿಂದ, ಕೆಲವು ತಿಂಗಳು ದೊಡ್ಡವರಾದ ಮಕ್ಕಳೇ ಸಮರ್ಥರೆಂದು ಆಯ್ಕೆಗೊಂಡು, ಹೆಚ್ಚಿನ ಶಿಕ್ಷಣ ಪಡೆದು, ಕಡೆಗೆ ನಿಜವಾಗಿಯೂ ಸಮರ್ಥರಾಗಿಬಿಟ್ಟಿದ್ದರು. ಅನುಭವಿಗಳಾದ ಕೋಚ್‌ಗಳ ಕಣ್ಣು ಕೂಡ ಬೆಳವಣಿಗೆಯನ್ನು ಪ್ರತಿಭೆಯೆಂದು ಭ್ರಮಿಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಸಾಫ್ಟ್‌ಬಾಲಿನಲ್ಲಿಯೇ ಇದರ ವಿಪರ್ಯಾಯವೂ ನಡೆದಿದೆ. 1996, 2000, 2004ರ ಮೂರು ಒಲಿಂಪಿಕ್ ಕ್ರೀಡೆಗಳಲ್ಲಿ ಅಮೆರಿಕದ ತಂಡಕ್ಕೆ ಚಿನ್ನ ತಂದವರಲ್ಲಿ ಅಗ್ರಗಣ್ಯಳಾದ ಪಿಚರ್ ಲೀಸಾ ಫರ್ನಾಂಡೆಸ್‌ಗೆ ಅವಳ ಹನ್ನೆರಡನೆಯ ವಯಸ್ಸಿನಲ್ಲಿ ಶಿಕ್ಷಕನೊಬ್ಬ, ನಿನ್ನ ಮೈಕಟ್ಟು ಪಿಚರ್‌ಗೆ ತಕ್ಕುದಲ್ಲವೆಂದು ಹೇಳಿದ್ದನಂತೆ. ಹನ್ನೆರಡರ ಹರೆಯದಲ್ಲಿ ಒಬ್ಬಳು ಹಿಂದೆ ಬಿದ್ದಳೆಂಬ ಭವಿಷ್ಯ ಇಷ್ಟು ಸುಳ್ಳಾಗಬಲ್ಲುದಾದರೆ, ಇನ್ನೊಬ್ಬಳು ಮುಂದೆ ಹೋದಳೆಂಬ ಭವಿಷ್ಯವನ್ನು ಅಷ್ಟು ನೆಚ್ಚುವುದೇಕೆ?

ಇಲ್ಲಿ ಪ್ರತಿಪಕ್ಷದವರು ತಮ್ಮ ಅತ್ಯಂತ ಪ್ರಬಲವಾದ ಯುಕ್ತಿಯನ್ನು ಹೂಡಬಹುದು. ಬೇಗ ಬೆಳೆದವಳು ಬರಿಯ ಮೈಬಲದಿಂದ ಗೆಲ್ಲುತ್ತಿರುವಳಾದರೆ, ಮೈಬಲ ನಡೆಯದ ಕಡೆಗೆ ಅವಳನ್ನು ಕಳಿಸುವುದರಿಂದಲೇ ಅವಳು ಕೌಶಲವನ್ನು ಕಲಿಯುವಳಲ್ಲವೆ? ಈ ಮಾತಿನಲ್ಲಿ ಸತ್ಯವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಬಾಲಕರ ಶಿಕ್ಷಣಕೇಂದ್ರಗಳಲ್ಲಿ ವಯಸ್ಸನ್ನು ಬಿಟ್ಟು ದೈಹಿಕ ಪಕ್ವತೆಯ ಮೇಲೆ ಹುಡುಗರನ್ನು ವಿಂಗಡಿಸಿ ಆಡಿಸಿ ನೋಡಿದ್ದಾರೆ. ಬೇಗ ಬೆಳೆದವರು ಅಲ್ಲಿ ಬಲವನ್ನು ನೆಚ್ಚಲಾರದೆ ಚೆಂಡನ್ನು ಜಾಣ್ಮೆಯಿಂದ ಸಾಗಿಸುವುದನ್ನು ಕಲಿತೆವೆಂದರು. ತಡವಾಗಿ ಬೆಳೆಯುವವರು ತಮಗೂ ಮುಂದಾಳುತನದ ಅವಕಾಶ ದೊರೆಯಿತೆಂದರು. ಆದರೆ ಆ ಪ್ರಯೋಗದ ಸ್ವರೂಪವನ್ನು ಗಮನಿಸಬೇಕು. ಅಲ್ಲಿ ಎಲ್ಲ ಹುಡುಗರನ್ನೂ ಪಕ್ವತೆಯ ಅಳತೆಯಿಂದ ವಿಂಗಡಿಸಿದರೇ ಹೊರತು ಒಬ್ಬನನ್ನು ಆರಿಸಿ ಮೇಲಕ್ಕೆ ಕಳಿಸಲಿಲ್ಲ. ಅದು ವಯಸ್ಸಿನ ವರ್ಗಗಳ ಜೊತೆಗೆ ಆಗಾಗ ನಡೆಸುವ ಕೂಟವೇ ಹೊರತು ಅವುಗಳಿಗೆ ಬದಲಲ್ಲ. ಆ ಪ್ರಮಾಣದಲ್ಲಿ ನಮ್ಮ ಬಾಲೆಗೂ ಹಿರಿಯರ ಸಂಪರ್ಕ ದೊರೆಯಲಿ. ವಾರಕ್ಕೊಮ್ಮೆ ಹಿರಿಯರೊಡನೆ ಅಭ್ಯಾಸ ಮಾಡಲಿ. ಅವರ ಪಿಚರ್ ಎಸೆದ ಚೆಂಡಿಗೆ ಬ್ಯಾಟು ಬೀಸಿ ಇಪ್ಪತ್ತು ಸಲ ತಪ್ಪಿ ಇಪ್ಪತ್ತೊಂದನೆಯ ಸಲ ಮುಟ್ಟಲಿ. ಅವರ ತಂಡದಲ್ಲಿ ಒಬ್ಬಳು ಕಡಿಮೆಯಾದ ದಿನ ಅತಿಥಿಯಾಗಿ ಹೋಗಿ ಆಡಿಬರಲಿ. ಬಲಿಷ್ಠರಿಂದ ಕಲಿಯಬಹುದಾದುದೆಲ್ಲ ಇಷ್ಟರಿಂದಲೇ ಸಿಗುತ್ತದೆ. ಸಿಗದೆ ಉಳಿಯುವುದು ಮೇಲಿನ ವರ್ಗದವಳೆಂಬ ಹೆಸರೊಂದೇ. ಆ ಹೆಸರು ಮಗುವಿಗಿಂತ ಹೆಚ್ಚಾಗಿ ಹಿರಿಯರಿಗೆ ಬೇಕಾದುದು.

ಪ್ರಸಿದ್ಧರ ದೃಷ್ಟಾಂತಗಳನ್ನು ತರುವುದೂ ವಾಡಿಕೆ. ಕನೆಕ್ಟಿಕಟ್ ರಾಜ್ಯದ ಜೋನ್ ಜಾಯ್ಸ್ 1954ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಬ್ರೇಕೆಟ್ಸ್ ಎಂಬ ಹೆಸರಾಂತ ಮಹಿಳೆಯರ ತಂಡವನ್ನು ಸೇರಿ, 1961ರ ಪ್ರದರ್ಶನದ ಆಟವೊಂದರಲ್ಲಿ ಬೇಸ್‌ಬಾಲಿನ ಮಹಾನ್ ಬ್ಯಾಟುಗಾರ ಟೆಡ್ ವಿಲಿಯಮ್ಸನನ್ನೇ ಔಟು ಮಾಡಿದಳು; ಫ್ಲಾರಿಡದ ಡಾಟ್ ರಿಚರ್ಡ್‌ಸನ್ ಹದಿಮೂರರಲ್ಲಿ ಪ್ರೌಢ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿ, ಮುಂದೆ 1996ರ ಅಟ್ಲಾಂಟ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಚೀನದ ಮೇಲೆ ಹೋಮ್ ರನ್ ಹೊಡೆದಳು; ಎಂದಮೇಲೆ ಹಿರಿಯರೊಡನೆ ಆಡಿದ್ದೇ ಅವರ ಉನ್ನತಿಗೆ ಕಾರಣವಲ್ಲವೆ ಎನ್ನುತ್ತಾರೆ. ಆ ಕಾಲದ ಸ್ಥಿತಿಯನ್ನು ಮರೆತು ಆಡುವ ಮಾತಿದು. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನಾವಕಾಶ ಕೊಡಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1972ರಲ್ಲಿ. ಅದು ಕ್ರೀಡೆಯಲ್ಲಿ ಫಲ ಕೊಡಲು ಮತ್ತೂ ಕೆಲವು ವರ್ಷ ಹಿಡಿಯಿತು. ಜಾಯ್ಸ್ ಆಡಲು ಬಂದಾಗ ಹುಡುಗಿಯರಿಗೆ ಇಂದಿನಂತೆ ಎರಡೆರಡು ವರ್ಷಗಳ ಮೆಟ್ಟಿಲುಗಳಿರಲಿಲ್ಲ. ರಿಚರ್ಡ್‌ಸನ್ ಬಾಲಕಿಯಾಗಿದ್ದಾಗ ಅವಳ ಎಸೆತವನ್ನು ನೋಡಿ ಮೆಚ್ಚಿದ ಹುಡುಗರ ತಂಡದ ಕೋಚ್ ಒಬ್ಬ, ಕೂದಲನ್ನು ಕತ್ತರಿಸಿಕೊಂಡು ಬಾಬ್ ಎಂಬ ಗಂಡುಹೆಸರಿನಲ್ಲಿ ಆಡುವುದಾದರೆ ಸೇರಿಸಿಕೊಳ್ಳುತ್ತೇನೆಂದನಂತೆ, ಅವಳು ಒಪ್ಪಲಿಲ್ಲ. ಅಂಥ ಕಾಲದಲ್ಲಿ ಆಡಬೇಕೆಂಬ ಹಂಬಲವುಳ್ಳ ಬಾಲೆಗೆ ಎರಡೇ ದಾರಿ: ಪ್ರೌಢೆಯರೊಡನೆ ಆಡುವುದು, ಇಲ್ಲವೆ ಆಡದೆ ಇರುವುದು. ತನ್ನ ವಯಸ್ಸಿನವರ ಆಟವೇ ಇಲ್ಲದ ಕಾಲದಲ್ಲಿ ಅವರು ಮಾಡಿದ್ದನ್ನು, ಆ ಆಟ ಸಮೃದ್ಧವಾಗಿರುವ ಈ ಕಾಲದಲ್ಲಿ ಮಾದರಿಯೆಂದು ಎತ್ತಿ ತೋರಿಸುವುದು ಸರಿಯಲ್ಲ. ಅಲ್ಲದೆ, ಇಂಥ ದೃಷ್ಟಾಂತಗಳಲ್ಲಿ ಗೆದ್ದವರ ಹೆಸರುಗಳು ಮಾತ್ರ ಉಳಿದಿರುತ್ತವೆ. ಹಿರಿಯರ ನಡುವೆ ಎರಡು ವರ್ಷ ಬೆಂಚಿನಲ್ಲಿ ಕುಳಿತು, ಕೈಗವಸನ್ನು ಮೂಲೆಗೆಸೆದು, ಆಟವನ್ನೇ ಬಿಟ್ಟವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಕಾಲೇಜಿನ ವಿದ್ಯಾರ್ಥಿವೇತನದ ಆಸೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಏಳನೆಯ ಎಂಟನೆಯ ತರಗತಿಯ ಹುಡುಗಿಯರಿಂದಲೇ ಕಾಲೇಜುಗಳು ಬಾಯಿಮಾತಿನ ಒಪ್ಪಿಗೆ ಪಡೆಯುತ್ತಿದ್ದ ಕಾಲವೊಂದಿತ್ತು. ಬೇಗ ಮೇಲೆ ಹೋದವಳು ಬೇಗ ಕಣ್ಣಿಗೆ ಬೀಳುತ್ತಾಳೆಂಬ ವಾದಕ್ಕೆ ಆಗ ಒಂದಿಷ್ಟು ಅರ್ಥವಿತ್ತು. 2018ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಮಂಡಳಿ, ಅಗ್ರಶ್ರೇಣಿಯ ಸಾಫ್ಟ್‌ಬಾಲ್ ಕೋಚ್‌ಗಳು ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರ ಮೊದಲು ಯಾವ ಹುಡುಗಿಯೊಡನೆಯೂ ಈ ಮಾತನ್ನೆತ್ತಕೂಡದೆಂದು ನಿಯಮ ಮಾಡಿತು. ಹದಿನಾರರ ಆಸುಪಾಸಿನಲ್ಲಿ ತೆರೆಯುವ ಬಾಗಿಲಿನ ಮುಂದೆ ಹನ್ನೊಂದರಲ್ಲಿಯೇ ಹೋಗಿ ಕಾಯುವುದು ವ್ಯರ್ಥ. ಆ ಬಾಗಿಲಿನ ಹಿಂದೆ ಇರುವುದಾದರೂ ಎಷ್ಟು? ಅಗ್ರಶ್ರೇಣಿಯ ಒಂದು ತಂಡಕ್ಕೆ ಬಹುಕಾಲ ಇದ್ದುದು 12 ಪೂರ್ಣ ವಿದ್ಯಾರ್ಥಿವೇತನ; ಅದನ್ನು ಇಪ್ಪತ್ತು ಮಂದಿ ಹಂಚಿಕೊಳ್ಳುತ್ತಿದ್ದರು. ಊರೂರಿನ ಪಂದ್ಯಾವಳಿಗಳಿಗೆ ಹೋಗಿ ಆಡುವ ಪ್ರವಾಸದ ತಂಡಗಳ ಶುಲ್ಕ, ಹೋಟೆಲು, ಪ್ರಯಾಣಗಳಿಗೆ ವರ್ಷವರ್ಷವೂ ಸಾವಿರಾರು ಡಾಲರು ಸುರಿಯುವ ತಂದೆತಾಯಿಗಳು ಈ ಗಣಿತವನ್ನು ಒಮ್ಮೆಯಾದರೂ ಮಾಡಿ ನೋಡುವುದು ಒಳ್ಳೆಯದು.

ದೇಹಕ್ಕೆ ಒದಗುವ ಅಪಾಯವನ್ನು ಮಾತ್ರ ಹೀಗೆ ಬೇಗ ದಾಟಿ ಹೋಗುವಂತಿಲ್ಲ. ಸಾಫ್ಟ್‌ಬಾಲಿನ ಪಿಚರ್ ತೋಳನ್ನು ಚಕ್ರದಂತೆ ಪೂರ್ತಿ ಒಂದು ಸುತ್ತು ಬೀಸಿ ಚೆಂಡನ್ನು ಸೊಂಟದ ಮಟ್ಟದಲ್ಲಿ ಕೆಳಗೈಯಿಂದ ಬಿಡುತ್ತಾಳೆ. ಈ ಚಲನೆ ಸಹಜವಾದುದು, ಇದರಿಂದ ಭುಜಕ್ಕೆ ನೋವಿಲ್ಲ, ಎಷ್ಟು ಎಸೆದರೂ ಬಾಧೆಯಿಲ್ಲ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. 1998ರಲ್ಲಿ ಅಮೆರಿಕದ ಸಂಶೋಧಕರು ಈ ಎಸೆತವನ್ನು ಅಳೆದು ನೋಡಿ, ಭುಜದ ಕೀಲನ್ನು ಎಳೆಯುವ ಬಲ ಬೇಸ್‌ಬಾಲಿನ ಮೇಲ್ಗೈ ಎಸೆತದ ಬಲಕ್ಕೆ ಸರಿದೊರೆಯಾದುದೆಂದು ಪ್ರಕಟಿಸಿದರು. ಆದರೂ, ಲಿಟಲ್ ಲೀಗ್ ಸಂಸ್ಥೆ ಬೇಸ್‌ಬಾಲ್ ಆಡುವ ಹುಡುಗರಿಗೆ ದಿನಕ್ಕೆ ಇಂತಿಷ್ಟೇ ಎಸೆತವೆಂದು 2007ರಿಂದ ಮಿತಿ ಹಾಕಿರುವಾಗ, ಹುಡುಗಿಯರ ಸಾಫ್ಟ್‌ಬಾಲಿನಲ್ಲಿ ಎಸೆತಗಳನ್ನು ಎಣಿಸುವ ಪದ್ಧತಿ ಸಾಮಾನ್ಯವಾಗಿ ಬಂದಿಲ್ಲ. ಮೇಲಿನ ವರ್ಗಕ್ಕೆ ಹೋದ ಪಿಚರ್ ಅನೇಕ ಬಾರಿ ಕೆಳಗಿನ ತಂಡವನ್ನೂ ಬಿಟ್ಟಿರುವುದಿಲ್ಲ. ಶನಿವಾರ ಇಲ್ಲಿ, ಭಾನುವಾರ ಅಲ್ಲಿ, ನಡುವೆ ಖಾಸಗಿ ಪಾಠ ಎಂದು ಅವಳ ಭುಜಕ್ಕೆ ವಿಶ್ರಾಂತಿಯೆಂಬುದೇ ಇರುವುದಿಲ್ಲ. ಎಲುಬುಗಳ ತುದಿಯ ಬೆಳವಣಿಗೆಯ ಪದರ ಇನ್ನೂ ಗಟ್ಟಿಯಾಗಿರದ ವಯಸ್ಸದು. ಕೈಕಾಲುಗಳು ಒಂದೇ ವರ್ಷದಲ್ಲಿ ನೀಳವಾಗಿ ನಡಿಗೆ, ಓಟ, ನೆಗೆತಗಳ ಹೊಂದಾಣಿಕೆಯೇ ಕೆಲಕಾಲ ಕದಡುವ ವಯಸ್ಸು. ಪ್ರಾಯಕ್ಕೆ ಬಂದ ಹುಡುಗಿಯರಲ್ಲಿ ಮೊಣಕಾಲಿನ ಒಳಗಿನ ಬಂಧಕ ಹರಿಯುವುದು ಹುಡುಗರಿಗಿಂತ ಹೆಚ್ಚೆಂಬುದು ವೈದ್ಯರೆಲ್ಲರೂ ಬಲ್ಲ ಸಂಗತಿ. ಈ ಸಂಧಿಕಾಲದಲ್ಲಿ ಭಾರವನ್ನು ಹೆಚ್ಚಿಸಬೇಕೆನ್ನುವವರು ಹೆಚ್ಚಿಸುವುದಕ್ಕೆ ಕಾರಣ ಕೊಡಬೇಕು. ಬೇಡವೆನ್ನುವವರಿಂದ ಕಾರಣ ಕೇಳುವುದು ತಲೆಕೆಳಗಾದ ನ್ಯಾಯ.

ಮೈದಾನದ ಹೊರಗಣ ಬಾಳನ್ನು ಈ ಚರ್ಚೆಯಲ್ಲಿ ಯಾರೂ ತರುವುದಿಲ್ಲ. ಪ್ರವಾಸದ ತಂಡವೆಂದರೆ ವಾರಕ್ಕೆರಡು ಗಂಟೆಯ ಆಟವಲ್ಲ. ದೀರ್ಘವಾದ ಕಾರುಪ್ರಯಾಣ, ಹೋಟೆಲಿನ ಕೊಠಡಿಗಳು, ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ನಡುವೆ ಡೇರೆಯ ನೆರಳಿನಲ್ಲಿ ಕಳೆಯುವ ಮಧ್ಯಾಹ್ನಗಳು. ಆ ಹೊತ್ತಿನಲ್ಲಿ ಹದಿಮೂರು ಹದಿನಾಲ್ಕರ ಹುಡುಗಿಯರು ಆಡುವ ಮಾತು ಹನ್ನೊಂದರವಳಿಗೆ ಅರ್ಥವಾಗದು, ಅಥವಾ ಅರ್ಥವಾಗಬಾರದಷ್ಟು ಅರ್ಥವಾಗುತ್ತದೆ. ಅವರು ಕೆಟ್ಟವರಲ್ಲ, ಅವರು ಅವರ ವಯಸ್ಸಿಗೆ ತಕ್ಕಂತಿದ್ದಾರೆ, ಅಷ್ಟೆ. ಆದರೆ ಇವಳು ಅಲ್ಲಿ ಎಂದೆಂದಿಗೂ ತಂಡದ ಕೂಸು. ಮುದ್ದು ಮಾಡಿದರೂ ಕೂಸು, ಗದರಿಸಿದರೂ ಕೂಸು. ತನ್ನ ಓರಗೆಯ ತಂಡದಲ್ಲಿ ಇತರರನ್ನು ಹುರಿದುಂಬಿಸುವುದು, ಕಳೆಗುಂದಿದವಳ ಹೆಗಲ ಮೇಲೆ ಕೈಯಿಡುವುದು, ತನಗಿಂತ ದುರ್ಬಲಳಾದವಳ ತಪ್ಪನ್ನು ಸಹಿಸಿಕೊಂಡು ಆಡುವುದು ಎಂಬ ಗುಣಗಳನ್ನು ರೂಢಿಸಿಕೊಳ್ಳಬಹುದಾಗಿದ್ದವಳು ಇಲ್ಲಿ ಅವುಗಳಲ್ಲಿ ಒಂದನ್ನೂ ಪ್ರಯೋಗಿಸುವ ಅಧಿಕಾರವಿಲ್ಲದೆ ವರ್ಷಗಳನ್ನು ಕಳೆಯುತ್ತಾಳೆ. ಅತ್ತ ಅವಳು ಬಿಟ್ಟುಹೋದ ತಂಡದ ಹುಡುಗಿಯರಿಗೂ ನಷ್ಟವೇ: ತಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳನ್ನು ನೋಡಿ ಕಲಿಯುವ ಸುಯೋಗ ಅವರಿಗೆ ತಪ್ಪಿತು. ಆ ಮಕ್ಕಳೂ ಯಾರದೋ ಮಕ್ಕಳೇ ಅಲ್ಲವೆ?

ನಮ್ಮ ನಾಡಿನ ಕ್ರೀಡೆಯಲ್ಲಿ ಇದಕ್ಕೆ ವಿರುದ್ಧವಾದ ದೋಷ ಪ್ರಬಲವಾಗಿದೆ. ಇಲ್ಲಿ ಹದಿನೇಳರ ಹುಡುಗನ ವಯಸ್ಸನ್ನು ಹದಿನೈದೆಂದು ಬರೆಸಿ ಕಿರಿಯರ ನಡುವೆ ಆಡಿಸುವುದುಂಟು. ಅದನ್ನು ತಡೆಯಲು ಭಾರತದ ಕ್ರಿಕೆಟ್ ಮಂಡಳಿ ಮಣಿಕಟ್ಟಿನ ಎಲುಬುಗಳನ್ನು ಎಕ್ಸ್-ರೇ ತೆಗೆದು ವಯಸ್ಸನ್ನು ಅಂದಾಜು ಮಾಡುವ ಪರೀಕ್ಷೆಯನ್ನೇ ಇಟ್ಟುಕೊಳ್ಳಬೇಕಾಯಿತು. ಆ ವಿಧಾನಕ್ಕೆ ಮೇಲೆ ಹೆಸರಿಸಿದ ಟ್ಯಾನರ್ ಅವರ ಹೆಸರೇ ಇದೆ. ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಂಚನೆಯನ್ನು ಕಟುವಾಗಿ ಖಂಡಿಸಿದರು. ವಯಸ್ಸನ್ನು ಇಳಿಸುವವರೂ ವರ್ಗವನ್ನು ಏರಿಸುವವರೂ ಪರಸ್ಪರ ವಿರೋಧಿಗಳಂತೆ ಕಂಡರೂ, ಮಗುವಿನ ವಯಸ್ಸೆಂಬುದು ಹಿರಿಯರ ಉದ್ದೇಶಕ್ಕಾಗಿ ಇತ್ತಲೋ ಅತ್ತಲೋ ಸರಿಸಬಹುದಾದ ವಸ್ತುವೆಂದು ಇಬ್ಬರೂ ಭಾವಿಸಿದವರೇ. ಕಾನೂನಿನ ದೃಷ್ಟಿಯಲ್ಲಿ ಒಂದು ಅಪರಾಧ, ಇನ್ನೊಂದು ಅಪರಾಧವಲ್ಲ ಎಂಬುದೊಂದೇ ಅಂತರ. ಹತ್ತೊಂಬತ್ತರೊಳಗಿನವರ ತಂಡಕ್ಕೆ ಶಿಕ್ಷಕರಾಗಿದ್ದಾಗ ಇದೇ ದ್ರಾವಿಡ್, ಒಬ್ಬ ಆಟಗಾರ ಆ ವರ್ಗದ ವಿಶ್ವಕಪ್ಪಿನಲ್ಲಿ ಒಂದೇ ಸಲ ಆಡಿ ಮುಂದಕ್ಕೆ ಹೋಗತಕ್ಕದ್ದು ಎಂಬ ನೀತಿಯನ್ನು ಎತ್ತಿಹಿಡಿದರಲ್ಲ, ಅದು ನಿನ್ನ ವಾದಕ್ಕೆ ವಿರುದ್ಧವಲ್ಲವೆ ಎಂದು ಯಾರಾದರೂ ಕೇಳಿಯಾರು. ವಿರುದ್ಧವಲ್ಲ. ಹದಿನೆಂಟು ಹತ್ತೊಂಬತ್ತರಲ್ಲಿ ದೇಹ ಬೆಳೆದು ನಿಂತಿರುತ್ತದೆ. ಆಟವೇ ಜೀವನವೃತ್ತಿಯಾಗುವುದೋ ಇಲ್ಲವೋ ಎಂಬುದು ಆಗ ನಿಜವಾದ ಪ್ರಶ್ನೆ. ಬಾಲಕರ ಗೆಲುವನ್ನೇ ಹಿಡಿದು ಕೂತವನನ್ನು ಮುಂದಕ್ಕೆ ಕಳಿಸುವುದು ಅಲ್ಲಿ ಉಪಕಾರ. ಆ ವಯಸ್ಸಿನ ನ್ಯಾಯವನ್ನು ಹನ್ನೊಂದರ ಮಗುವಿಗೆ ಅನ್ವಯಿಸುವುದೇ ನಾನು ವಿರೋಧಿಸುತ್ತಿರುವ ತಪ್ಪು.

ಮೇಲಿನ ವರ್ಗಕ್ಕೆ ಹೋಗುವುದೇ ಉಚಿತವಾದ ಸಂದರ್ಭಗಳೂ ಇವೆ. ಪಿಚರಿನ ಚೆಂಡನ್ನು ಹಿಡಿಯಬಲ್ಲ ಕ್ಯಾಚರ್ ಅವಳ ವರ್ಗದಲ್ಲಿ ಯಾರೂ ಇಲ್ಲದೆ, ಎದುರು ನಿಂತ ಮಕ್ಕಳಿಗೆ ಪೆಟ್ಟಾಗುವ ಭಯವಿದ್ದರೆ ಹೋಗಲಿ. ಚಿಕ್ಕ ಊರಿನಲ್ಲಿ ಅವಳ ವಯಸ್ಸಿನ ತಂಡವೇ ಕೂಡದಿದ್ದರೆ ಹೋಗಲಿ. ಗೆರೆಯ ಈಚೆಗೆ ಕೆಲವೇ ದಿನಗಳ ಅಂತರದಲ್ಲಿ ಹುಟ್ಟಿ, ಶಾಲೆಯ ಗೆಳತಿಯರೆಲ್ಲ ಆಚೆಯ ವರ್ಗದಲ್ಲಿದ್ದರೆ ಅವಶ್ಯವಾಗಿ ಹೋಗಲಿ. ಉಳಿದವರ ತಂದೆತಾಯಿಗಳು, ಮಗಳನ್ನು ಕರೆದ ಕೋಚ್‌ನನ್ನು ನೇರವಾಗಿ ಕೇಳಬೇಕು: ನಮ್ಮ ಮಗಳು ಯಾವ ಸ್ಥಾನದಲ್ಲಿ ಆಡುತ್ತಾಳೆ, ಆಟವೊಂದಕ್ಕೆ ಎಷ್ಟು ಇನ್ನಿಂಗ್ಸು ಅಂಗಣದಲ್ಲಿರುತ್ತಾಳೆ, ಬ್ಯಾಟಿಂಗಿನ ಸಾಲಿನಲ್ಲಿ ಅವಳದು ಎಷ್ಟನೆಯ ಸರದಿ, ಇನ್ನೊಂದು ತಂಡದಲ್ಲಿ ಅವಳು ಎಸೆದ ಎಸೆತಗಳ ಲೆಕ್ಕವನ್ನು ಯಾರು ಇಡುತ್ತಾರೆ? ಉತ್ತರ ಸ್ಪಷ್ಟವಾಗಿಲ್ಲದಿದ್ದರೆ, ತಂಡದ ಸಂಖ್ಯೆಯನ್ನು ತುಂಬುವುದಕ್ಕಾಗಿಯೋ, ತಾನು ಮೇಲಿನ ವರ್ಗದ ತಂಡದ ಕೋಚ್ ಆಗುವುದಕ್ಕಾಗಿಯೋ, ತನ್ನ ಮಗಳ ಜೊತೆಗೆ ಇನ್ನಿಬ್ಬರು ಬೇಕಾಗಿರುವುದಕ್ಕಾಗಿಯೋ ಈ ಕರೆ ಬಂದಿದೆಯೆಂದು ತಿಳಿದುಕೊಳ್ಳಬಹುದು. ಇವು ಯಾವುವೂ ಪಾಪವಲ್ಲ. ಮಗುವಿನ ಹಿತ ಮಾತ್ರ ಅಲ್ಲ.

‘ಅವಳೇ ಹೋಗುತ್ತೇನೆನ್ನುತ್ತಾಳೆ’ ಎಂಬುದು ಕೊನೆಯ ಮಾತು. ಅದನ್ನು ಕೇಳಿದ ಮೇಲೆ ಬಹಳ ಮಂದಿ ಸುಮ್ಮನಾಗುತ್ತಾರೆ. ಹನ್ನೊಂದರ ಬಾಲೆಗೆ ಕೋಚ್ ಎದುರಿನಲ್ಲಿ, ತಂದೆಯ ಮುಖ ಅರಳಿರುವುದನ್ನು ಕಾಣುತ್ತ, ಹೋಗುತ್ತೀಯಾ ಎಂಬ ಪ್ರಶ್ನೆಯನ್ನು ಹಾಕಿದರೆ ಅವಳು ಬೇರೆ ಏನು ಹೇಳಿಯಾಳು? ಅವಳನ್ನು ಕೇಳಬೇಕಾದುದು ನಿಶ್ಚಯವೇ. ಆದರೆ ಗೆದ್ದ ಸಂಜೆಯಲ್ಲ, ಸೋತ ಸಂಜೆಯೂ ಅಲ್ಲ, ಹೊಗಳಿದವರಾರೂ ಹತ್ತಿರ ಇಲ್ಲದ ಸಾಧಾರಣವಾದ ಒಂದು ದಿನ, ಎರಡು ಉತ್ತರಗಳಲ್ಲಿ ಯಾವುದಾದರೂ ಮನೆಯಲ್ಲಿ ಸಂತೋಷವೇ ಎಂಬುದನ್ನು ಅವಳಿಗೆ ಮನಗಾಣಿಸಿ ಕೇಳಬೇಕು. ಹೋಗುತ್ತೇನೆಂದಳೆ, ಗೆಲುವು ಸೋಲುಗಳ ಲೆಕ್ಕ ಅಷ್ಟಾಗಿ ಇಲ್ಲದ ಶರತ್ಕಾಲದ ಆಟಗಳಲ್ಲಿ ಕೆಲವು ವಾರ ಹಿರಿಯರೊಡನೆ ಆಡಿ ನೋಡಲಿ, ಚಳಿಗಾಲದಲ್ಲಿ ಮತ್ತೆ ಕೇಳೋಣ. ಹೋಗುವುದಿಲ್ಲ, ಗೆಳತಿಯರೊಡನೆ ಆಡುತ್ತೇನೆ ಎಂದಳೆ, ಆ ಕಾರಣವನ್ನು ಕೋಚ್‌ಗೆ ಅವಳ ಮಾತಿನಲ್ಲಿಯೇ ತಿಳಿಸಬೇಕು. ಅದಕ್ಕಿಂತ ಘನವಾದ ಕಾರಣವೊಂದನ್ನು ಹುಡುಕಿ ಹೇಳಬೇಕಾದ ಅಗತ್ಯ ತಂದೆತಾಯಿಗಳಿಗೆ ಇಲ್ಲ.